ಕುದುರೆ ತಲೆಯೊಳಗಿನ ಅಜ್ಜಿ

ಉಸಿರಕ್ಕ ಎನ್ನುವುದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ, ಕೆಲಸ ಕೊಟ್ಟ ಹೆಸರು. ನಮ್ಮ ಬೀದಿಯ ಕೊನೆಯಲ್ಲಿ, ಟೈರ್ ಅಂಗಡಿಯ ಹಿಂದೆ, ತಗಡಿನ ಚಾವಣಿಯ ಉದ್ದನೆಯ ಶೆಡ್ಡೊಂದಿದೆ. ಅಲ್ಲಿ ರಬ್ಬರಿನ ಪ್ರಾಣಿ ತಲೆಗಳನ್ನು ಮಾಡುತ್ತಾರೆ. ಟೋಪಿಯಂತೆ ತಲೆಯ ಮೇಲಿಂದ ಎಳೆದು ಕತ್ತಿನವರೆಗೆ ಇಳಿಸಿಕೊಳ್ಳುವ ತಲೆಗಳು: ಹಂದಿ, ಪಾರಿವಾಳ, ಹುಂಜ, ಬೆಕ್ಕು, ಎಲ್ಲಕ್ಕಿಂತ ಹೆಚ್ಚಾಗಿ ಕುದುರೆ. ಉಸಿರಕ್ಕ ಅಲ್ಲಿ ಕೆಲಸಕ್ಕೆ ಸೇರಿದಾಗ ಅವಳ ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಈಗ ಆ ಮಗಳಿಗೇ ಒಬ್ಬ ಮಗಳಿದ್ದಾಳೆ.

ಹಾಲಿನಂಥ ರಬ್ಬರನ್ನು ಅಚ್ಚಿಗೆ ಸುರಿದು, ಒಂದು ಪದರ ಹಿಡಿದ ಮೇಲೆ ಉಳಿದದ್ದನ್ನು ಬಸಿಯುತ್ತಾರೆ. ಒಣಗಿದ ಮೇಲೆ ಒಳಗೆಲ್ಲ ಪೌಡರ್ ಉದುರಿಸಿ, ಕೈಗವಸು ಕಳಚಿದ ಹಾಗೆ ತಲೆಯನ್ನು ಎಳೆದು ತೆಗೆಯುತ್ತಾರೆ. ಅಚ್ಚಿನ ಎರಡು ಹೋಳು ಕೂಡುವ ಕಡೆ, ಕಿವಿಯ ಹಿಂದಿನಿಂದ ದವಡೆಯ ಕೆಳಗಿನವರೆಗೆ, ತೆಳ್ಳನೆಯ ಗೆರೆಯೊಂದು ಎದ್ದಿರುತ್ತದೆ. ಅದನ್ನು ಕತ್ತರಿಸಿ, ಉಜ್ಜಿ, ಇತ್ತೆಂದೇ ಗೊತ್ತಾಗದಂತೆ ಮಾಡುವುದು ಉಸಿರಕ್ಕನ ಕೆಲಸ. ಆಮೇಲೆ ಬಣ್ಣದಕ್ಕ ಬಣ್ಣ ಬಳಿದು ಕತ್ತಿನ ಕೂದಲು ಅಂಟಿಸುತ್ತಾಳೆ. ಅವಳ ಮೇಜಿನಿಂದ ತಲೆ ಮತ್ತೆ ಉಸಿರಕ್ಕನ ಕೈಗೆ ಬರುತ್ತದೆ.

ಕುದುರೆ ತಲೆ ತೊಟ್ಟವರಿಗೆ ಕುದುರೆಯ ಕಣ್ಣಿನಿಂದ ಏನೂ ಕಾಣುವುದಿಲ್ಲ. ಅವರು ಕುದುರೆಯ ತೆರೆದ ಬಾಯಿಯಿಂದಲೇ ನೋಡಬೇಕು, ಅದರಿಂದಲೇ ಉಸಿರಾಡಬೇಕು. ಹಿಂದೊಮ್ಮೆ ಎಲ್ಲೋ ಯಾರೋ ಇಂಥ ತಲೆಯೊಳಗೆ ಉಸಿರುಕಟ್ಟಿ ಕುಸಿದರೆಂಬ ಸುದ್ದಿ ಬಂದಾಗ ಯಜಮಾನರು ಹೆದರಿಬಿಟ್ಟರು. ಅಂದಿನಿಂದ ಒಂದು ಪದ್ಧತಿ ನಡೆದುಬಂದಿದೆ. ಪೆಟ್ಟಿಗೆಗೆ ಹೋಗುವ ಮುಂಚೆ ಪ್ರತಿ ತಲೆಯನ್ನೂ ಉಸಿರಕ್ಕ ತೊಟ್ಟುಕೊಂಡು ಗೇಟಿನವರೆಗೆ ನಡೆದು ವಾಪಸ್ಸು ಬರಬೇಕು. ಗೇಟಿನ ಬಳಿ ನಿಂತು ಮಾಮೂಲಿ ದನಿಯಲ್ಲಿ "ಕೇಳಿಸ್ತಾ?" ಎನ್ನಬೇಕು. ಒಳಗೆ ಮೇಜಿನ ಬಳಿ ಕೂತ ಬಣ್ಣದಕ್ಕ "ಕೇಳಿಸ್ತು" ಎಂದರೆ ಆ ತಲೆ ಪಾಸು. ಕೇಳಿಸದಿದ್ದರೆ ಬಾಯಿಯನ್ನು ಇನ್ನಷ್ಟು ಬಿಡಿಸಬೇಕು.

"ಒಂದಿನ ಮನೇಲೂ ಹೀಗೇ ಕೂಗ್ತೀಯ ನೋಡು, ಸ್ನಾನದ ಮನೆಯಿಂದ" ಎಂದು ಬಣ್ಣದಕ್ಕ ಛೇಡಿಸುತ್ತಾಳೆ.

"ಮನೇಲಿ ಕೇಳಿಸ್ತು ಅನ್ನೋರು ಯಾರಿದಾರೆ ತಾಯಿ?" ಎನ್ನುತ್ತಾಳೆ ಇವಳು. ಇವಳ ಗಂಡ ತೀರಿಕೊಂಡು ಬಹಳ ಕಾಲವಾಯಿತು.

ಪ್ರತಿ ತಲೆ ತೊಡುವಾಗಲೂ ಅವಳು ಮನಸ್ಸಿನಲ್ಲಿ ದೇವರ ಹೆಸರು ಹೇಳಿಕೊಳ್ಳುತ್ತಾಳೆ. ಒಮ್ಮೆ ನಾನು ಕೇಳಿದ್ದಕ್ಕೆ, "ಇದರೊಳಗೆ ಯಾರ ಮಗ ಉಸಿರಾಡ್ತಾನೋ, ಯಾರ ಮಗಳು ಉಸಿರಾಡ್ತಾಳೋ. ಆ ದೇವರಿಗೆ ಒಂದು ಮಾತು ಹೇಳಿಟ್ಟಿರ್ತೀನಿ, ನೋಡ್ಕೋ ಅಂತ" ಎಂದಳು.

ಮೊದಲೆಲ್ಲ ಈ ತಲೆಗಳು ಮಕ್ಕಳ ಅಂಗಡಿಗೆ ಹೋಗುತ್ತಿದ್ದವು, ಅಲ್ಲೊಂದು ಇಲ್ಲೊಂದು. ಎಲ್ಲರ ಕೈಗೂ ಫೋನು ಬಂದಮೇಲೆ ಕಾಲವೇ ಬದಲಾಯಿತು. ಇಸ್ತ್ರಿ ಮಾಡಿದ ಕೋಟು ತೊಟ್ಟು, ಮೇಲೆ ಕುದುರೆ ತಲೆ ಹಾಕಿಕೊಂಡು, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಗಂಭೀರವಾಗಿ ಬಾಳೆಹಣ್ಣು ಸುಲಿಯುವವನ ವಿಡಿಯೊವನ್ನು ನಾವೆಲ್ಲ ನೋಡಿದೆವು. ಅದಾದ ಮೇಲೆ ಎಲ್ಲಿ ನೋಡಿದರೂ ಕುದುರೆ. ಆಟದ ಮೈದಾನದಲ್ಲಿ ಕುದುರೆಗಳ ಒಂದು ಸಾಲೇ ಎದ್ದು ಚಪ್ಪಾಳೆ ತಟ್ಟಿತು. ಮದುವೆಯ ಫೋಟೋದಲ್ಲಿ ಹುಡುಗನ ಗೆಳೆಯರೆಲ್ಲ ಕುದುರೆಗಳಾದರು. ಟಿ.ವಿ. ಜಾಹೀರಾತಿನಲ್ಲಿ ಕುದುರೆಯೊಂದು ಹಾಸಿಗೆಯ ಮೇಲೆ ಹೊರಳಾಡಿ, ಎಂಥ ನಿದ್ದೆ ಎಂದಿತು. ಬೀದಿಯಲ್ಲಿ ಗಿಟಾರ್ ಬಾರಿಸುವವರು, ಮೆರವಣಿಗೆಯಲ್ಲಿ ಘೋಷಣೆ ಕೂಗುವವರು, ಆಫೀಸಿನ ಹುಟ್ಟುಹಬ್ಬದಲ್ಲಿ ಸಾಹೇಬರ ಮುಂದೆ ಕುಣಿಯುವ ಧೈರ್ಯ ಬೇಕಾದವರು, ಎಲ್ಲರಿಗೂ ಅದೇ ತಲೆ ಬೇಕಾಯಿತು.

ಶೆಡ್ಡಿನ ಹೆಂಗಸರು ಊಟದ ಹೊತ್ತಿಗೆ ಒಂದೇ ಫೋನಿನ ಸುತ್ತ ತಲೆ ಸೇರಿಸಿ ಇವನ್ನೆಲ್ಲ ನೋಡುತ್ತಾರೆ.

"ಏಯ್, ಇದು ನಮ್ದು! ಮೂಗಿನ ಮೇಲೆ ನನ್ನ ಬ್ರಷ್ ಜಾರಿದ್ದು ಕಾಣ್ತಿದೆ" ಎನ್ನುತ್ತಾಳೆ ಬಣ್ಣದಕ್ಕ.

"ನಿನ್ನ ಬ್ರಷ್ ಯಾವತ್ತು ಜಾರಲಿಲ್ಲ ಹೇಳು?"

ಜನಕ್ಕೆ ಕುದುರೆಯೇ ಯಾಕೆ ಇಷ್ಟ ಎಂದು ನಾನು ಉಸಿರಕ್ಕನನ್ನು ಕೇಳಿದ್ದೇನೆ. ಅವಳು ಸ್ವಲ್ಪ ಯೋಚಿಸಿ ಹೇಳಿದಳು: "ಹಂದಿ ಮುಖ ನಗ್ತಿರತ್ತೆ. ಬೆಕ್ಕು ಜಂಭ ಮಾಡತ್ತೆ. ಕುದುರೆ ಮಾತ್ರ ಏನಾದ್ರೂ ಆಗ್ಲಿ, ಪಾಪ, ದುಃಖದಲ್ಲೇ ಇರತ್ತೆ. ಮೈ ಕುಣೀತಿರತ್ತೆ, ಮುಖ ಅಳ್ತಿರತ್ತೆ. ಅದಕ್ಕೇ ನಗು."

ಈಗ ಅವಳ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ.

ಮಗಳು ಮದುವೆಯಾಗಿ ದೂರದ ಬಂದರಿನ ಊರಿಗೆ ಹೋದಳು. ಅಳಿಯ ಅಲ್ಲಿ ಹಡಗಿನಿಂದ ಸಾಮಾನಿಳಿಸುವ ಕ್ರೇನು ನಡೆಸುತ್ತಾನೆ, ಮಗಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಮಗು ಹುಟ್ಟಿದಾಗ ಉಸಿರಕ್ಕ ಸೊಂಟ ಹಿಡಿದು ಮಲಗಿದ್ದಳು. ಆಮೇಲೆ ಒಂದಲ್ಲ ಒಂದು ಕಾರಣಕ್ಕೆ ಪ್ರಯಾಣ ಮುಂದಕ್ಕೆ ಹೋಗುತ್ತಲೇ ಇತ್ತು. ಹಾಗಾಗಿ ಗುಬ್ಬಿ ಎಂದು ಎಲ್ಲರೂ ಕರೆಯುವ ಆ ಹುಡುಗಿ ಅಜ್ಜಿಯನ್ನು ಕಂಡದ್ದು ಫೋನಿನಲ್ಲೇ. ದಿನಾ ರಾತ್ರಿ ಊಟವಾದ ಮೇಲೆ ಅಜ್ಜಿ ಮೊಮ್ಮಗಳ ಮಾತುಕತೆ. ಫೋನಿಗೆ ಮುತ್ತು ಕೊಟ್ಟು ಕೊಟ್ಟು ಆ ಕಡೆಯ ಗಾಜೂ ಒದ್ದೆ, ಈ ಕಡೆಯ ಗಾಜೂ ಒದ್ದೆ.

ಕೊನೆಗೂ ಮಗಳಿಗೆ ರಜೆ ಸಿಕ್ಕಿತು, ವಾರಕ್ಕಿಂತ ಕಡಿಮೆ. ಉಸಿರಕ್ಕ ಮನೆಯನ್ನೆಲ್ಲ ತೊಳೆದಳು. ಹೊಸ ಚಾದರ ತಂದಳು. ನನ್ನ ಬಾಗಿಲಿಗೆ ಬಂದು, "ನನಗೆ ಬೇರೇನೂ ಬೇಡ. ಅವಳು ಒಂದ್ಸಲ ತಾನಾಗಿ ಬಂದು ನನ್ನ ಮಡಿಲಲ್ಲಿ ಕೂತ್ಕೊಂಡ್ರೆ ಸಾಕು. ಫೋನಲ್ಲಿ ತೂಕ ಗೊತ್ತಾಗಲ್ಲ ನೋಡು" ಎಂದಳು. ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಬಸ್ಸು ಸಂಜೆ ಬರಬೇಕಿತ್ತು. ತಾಯಿಯನ್ನು ಅಚ್ಚರಿಗೊಳಿಸೋಣವೆಂದು ಮಗಳು ಮುಂಚಿನ ಬಸ್ಸೇ ಹಿಡಿದು, ಮನೆಗೂ ಹೋಗದೆ ನೇರ ಶೆಡ್ಡಿನ ಗೇಟಿಗೆ ಬಂದಳು.

ಆ ಹೊತ್ತಿಗೆ ಉಸಿರಕ್ಕ ಕುದುರೆ ತಲೆಯೊಂದನ್ನು ತೊಟ್ಟು ಗೇಟಿನ ಕಡೆ ನಡೆಯುತ್ತಿದ್ದಳು. ಕುದುರೆಯ ಬಾಯಿಯ ಸಂದಿಯಿಂದ ಮೊದಲು ಒಂದು ಚೀಲ ಕಂಡಿತು, ಆಮೇಲೆ ಮಗಳು, ಆಮೇಲೆ ಮಗಳ ಕೈಬೆರಳು ಹಿಡಿದು ನಿಂತ ಹಳದಿ ಅಂಗಿಯ ಪುಟ್ಟ ಆಕೃತಿ. ಅವಳಿಗೆ ಭೂಮಿಯ ಮೇಲೆ ಬೇರೇನೂ ನೆನಪಿರಲಿಲ್ಲ. ಎಷ್ಟೋ ವರ್ಷ ದಿನವಿಡೀ ಹಾಕಿ ತೆಗೆದು ಮಾಡಿದವಳಿಗೆ ಆ ತಲೆ ಮೈಮೇಲಿದೆ ಎಂಬುದೇ ತಿಳಿಯುವುದಿಲ್ಲ. ಎರಡೂ ಕೈ ಚಾಚಿ, "ಬಂದ್ಯಾ ನನ್ನ ಬಂಗಾರೀ!" ಎಂದು ಓಡಿದಳು.

ಗುಬ್ಬಿಗೆ ಕಂಡದ್ದು ಏನು? ದೊಡ್ಡ ಹಲ್ಲಿನ, ಕತ್ತಿನ ಮೇಲೆ ಕೂದಲು ಹಾರಾಡುವ ಒಂದು ಕುದುರೆ. ಅದರ ಬಾಯಿಯಿಂದ ಬರುತ್ತಿರುವುದು ಫೋನಿನ ಅಜ್ಜಿಯ ದನಿ.

ಮಗು ಕಿರುಚಿದ ಸದ್ದಿಗೆ ಟೈರ್ ಅಂಗಡಿಯವರು ಹೊರಗೆ ಓಡಿಬಂದರಂತೆ. ಒಳಗಿದ್ದ ಬಣ್ಣದಕ್ಕ ಮಾತ್ರ ಅಭ್ಯಾಸಬಲದಿಂದ "ಕೇಳಿಸ್ತು!" ಎಂದು ಕೂಗಿದಳಂತೆ.

ಉಸಿರಕ್ಕ ತಲೆ ಕಿತ್ತೆಸೆದಳು. ಆದರೆ ಆಗಬೇಕಾದದ್ದು ಆಗಿಹೋಗಿತ್ತು. ಮಗು ತಾಯಿಯ ಕುತ್ತಿಗೆಗೆ ಜೋತುಬಿದ್ದು ಮುಖವನ್ನೇ ಎತ್ತಲಿಲ್ಲ.

ಮನೆಗೆ ಬಂದ ಮೇಲೂ ಅಷ್ಟೇ. ಅಜ್ಜಿ ಅಡುಗೆಮನೆಯಲ್ಲಿದ್ದರೆ ಮಗು ಹೊರಗಿನ ಕೋಣೆಯಲ್ಲಿ. ಅಜ್ಜಿ ಹೊರಗೆ ಬಂದರೆ ಅದು ಮಂಚದ ಹಿಂದೆ. ಉಸಿರಕ್ಕ ರಬ್ಬರಿನ ವಾಸನೆ ಹೋಗಲೆಂದು ಎರಡೆರಡು ಸಲ ಸ್ನಾನ ಮಾಡಿದಳು, ಕೈಗೆ ನಿಂಬೆಹಣ್ಣು ಉಜ್ಜಿಕೊಂಡಳು. ಬಾಳೆಹಣ್ಣು ಕೊಟ್ಟರೆ ಅದು ಅಮ್ಮನ ಕೈಗೆ ಬಂದ ಮೇಲೆಯೇ ಗುಬ್ಬಿ ತೆಗೆದುಕೊಂಡಿತು.

"ಅಮ್ಮಾ, ಮಗು ಅಲ್ವಾ, ನಾಳೆ ಸರಿಹೋಗತ್ತೆ" ಎಂದಳು ಮಗಳು.

"ನಾಳೆ ನಾಳೆ ಅಂತ ನಿನ್ನ ರಜೆ ಮುಗಿದುಹೋಗತ್ತೆ ಕಣೇ."

ಮಾರನೆಯ ದಿನ ಮಗು ಅಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿ, "ಅಜ್ಜೀಗೆ ಫೋನ್ ಮಾಡು" ಎಂದಿತು. ಮಗಳು ನಗುತ್ತಾ, "ಅಜ್ಜಿ ಇಲ್ಲೇ ಇದಾರಲ್ಲೋ ಪುಟ್ಟಾ" ಎಂದಳು. ಗುಬ್ಬಿ ತಲೆ ಅಲ್ಲಾಡಿಸಿತು. "ಅಜ್ಜಿ ಇಲ್ಲ. ಕುದುರೆ ತಿಂದ್ಬಿಡ್ತು."

ಉಸಿರಕ್ಕ ಅಡುಗೆಮನೆಯಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಆ ಸಂಜೆ ನನ್ನ ಬಳಿ ಬಂದು ಕೂತಳು. "ನಾನು ಇಲ್ಲೇ ಇದ್ದೀನಿ. ಅವಳು ನನ್ನನ್ನೇ ಹುಡುಕ್ತಿದಾಳೆ. ಏನು ಹೇಳ್ಲಿ?" ಎಂದಳು. ಇಬ್ಬರೂ ಕಣ್ಣು ಮುಚ್ಚಿ ದೇವರನ್ನು ನೆನೆದೆವು.

ಬಣ್ಣದಕ್ಕನಿಗೆ ಮಾತ್ರ ಎಲ್ಲದಕ್ಕೂ ಉತ್ತರ ಗೊತ್ತು. ಮರುದಿನ ಒಂದು ಕುದುರೆ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೇ ಬಂದಳು. "ಅದರ ಕಣ್ಣೆದುರಿಗೇ ಹಾಕು, ಕಣ್ಣೆದುರಿಗೇ ತೆಗಿ. ಒಳಗೆ ನೀನೇ ಇರೋದು ಅಂತ ಗೊತ್ತಾದ್ರೆ ಬಿದ್ದು ಬಿದ್ದು ನಗತ್ತೆ. ನಮ್ಮ ಅಣ್ಣನ ಮಕ್ಕಳಿಗೆ ಹೀಗೇ ಮಾಡಿದ್ದು."

ಉಸಿರಕ್ಕನಿಗೆ ಮನಸ್ಸಿರಲಿಲ್ಲ. ಮಗಳೂ ಹೂಂ ಎಂದ ಮೇಲೆ ಒಪ್ಪಿದಳು. ಮಗುವನ್ನು ಬಾಗಿಲ ಬಳಿ, ಅಮ್ಮನ ತೊಡೆಯ ಮೇಲೆ ಕೂರಿಸಿದರು. ಉಸಿರಕ್ಕ ಕೋಣೆಯ ಆ ತುದಿಯಲ್ಲಿ ನಿಂತು ನಿಧಾನವಾಗಿ ತಲೆ ತೊಟ್ಟಳು. ಮಗು ಉಸಿರು ಬಿಗಿಹಿಡಿಯಿತು. ಅಷ್ಟೇ ನಿಧಾನವಾಗಿ ತೆಗೆದಳು. ಕೂದಲು ಕೆದರಿ, ಬೆವತ ಮುಖದಲ್ಲಿ ನಕ್ಕಳು.

ಗುಬ್ಬಿ ಅಳಲಿಲ್ಲ. ಕೈಯಲ್ಲಿ ನೇತಾಡುವ ಕುದುರೆಯನ್ನು ನೋಡಿತು, ಅಜ್ಜಿಯ ಮುಖವನ್ನು ನೋಡಿತು, ಬಹಳ ಹೊತ್ತು ಯೋಚಿಸಿತು. ಆಮೇಲೆ ಅಜ್ಜಿಯ ಮುಖಕ್ಕೇ ಬೆರಳು ತೋರಿಸಿ ಹೇಳಿತು:

"ಇದನ್ನೂ ತೆಗಿ."

ಬಣ್ಣದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳೂ ನಗು ತಡೆಯಲಾರದೆ ಅತ್ತ ತಿರುಗಿದಳು. ಉಸಿರಕ್ಕ ನಗಲಿಲ್ಲ. ಒಂದು ಮುಖದ ಕೆಳಗೆ ಇನ್ನೊಂದು ಬರುತ್ತದೆಂದು ತಾನೇ ತೋರಿಸಿಕೊಟ್ಟಂತಾಯಿತು. ಈಗ ಮಗುವಿನ ಲೆಕ್ಕದಲ್ಲಿ ಇದೂ ಒಂದು ಮುಖವಾಡ, ಒಳಗೆ ಎಲ್ಲೋ ನಿಜವಾದ ಅಜ್ಜಿ.

"ಇದು ಬರಲ್ಲ ಚಿನ್ನಾ" ಎಂದಳು ಮೆಲ್ಲಗೆ.

"ಬರತ್ತೆ" ಎಂದಿತು ಮಗು.

ಬಣ್ಣದಕ್ಕ ಕುದುರೆಯನ್ನು ಮತ್ತೆ ಕಂಕುಳಲ್ಲಿಟ್ಟು ಸುಮ್ಮನೆ ಜಾಗ ಖಾಲಿ ಮಾಡಿದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಉಸಿರಕ್ಕ ಶೆಡ್ಡಿಗೆ ಹೋಗಲಿಲ್ಲ. ಮಗಳು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ನಾನು ಮಗುವಿಗೆಂದು ಹೆಣೆದ ಟೋಪಿ ಕೊಡಲು ಹೋಗಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಉಸಿರಕ್ಕ ಕಿಟಕಿಯ ಬೆಳಕಿನಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈ ಎರಡನ್ನೂ ಮಂಡಿಯ ಮೇಲೆ ಇಟ್ಟುಕೊಂಡಳು.

"ಗುಬ್ಬೀ, ನೀನೇ ಬಂದು ತೆಗಿ. ನಾನು ಕೈ ಅಲ್ಲಾಡಿಸಲ್ಲ. ಬಂದ್ರೆ ತಗೋ, ಬರದಿದ್ರೆ ಬಿಡು."

ಮಗು ಅಮ್ಮನ ಮುಖ ನೋಡಿತು. ಅಮ್ಮ ಬಟ್ಟೆ ಮಡಚುತ್ತಲೇ ಇದ್ದಳು, ನೋಡದವಳ ಹಾಗೆ. ಮಗು ಗೋಡೆಗೆ ಒರಗಿಕೊಂಡೇ ಒಂದು ಸುತ್ತು ಬಂತು. ಉಸಿರಕ್ಕನ ಬೆನ್ನ ಹಿಂದೆ ನಿಂತು ಕೊರಳ ಹತ್ತಿರ ಮೂಸಿತು. ಆಮೇಲೆ ಒಂದು ಬೆರಳು ಚಾಚಿ ಕಿವಿಯ ಹಿಂದೆ ಇಟ್ಟಿತು.

ಅಲ್ಲಿಂದ ಬೆರಳು ಮೆಲ್ಲಗೆ ಕೆಳಗಿಳಿಯಿತು. ದವಡೆಯ ಅಂಚು, ಗಲ್ಲದ ಕೆಳಗಿನ ಸಡಿಲ ಚರ್ಮ. ಉಸಿರಕ್ಕ ದಿನವಿಡೀ ಕುದುರೆಗಳಲ್ಲಿ ಹುಡುಕಿ ಅಳಿಸುವ ಗೆರೆಯ ದಾರಿಯೇ ಅದು. ಅದನ್ನು ಕಲಿಯಲು ತನಗೆ ಎಷ್ಟು ಕಾಲ ಹಿಡಿಯಿತು, ಇದಕ್ಕೆ ಯಾರೂ ಹೇಳಿಕೊಡದೆ ಹೇಗೆ ಗೊತ್ತಾಯಿತು ಎಂದು ಆಮೇಲೆ ಅವಳು ಬೆರಗಾಗಿ ಹೇಳಿದಳು.

ಗೆರೆ ಸಿಗಲಿಲ್ಲ. ಮಗು ಈಗ ಎದುರಿಗೇ ಬಂದು ನಿಂತು ಎರಡೂ ಕೈಯಿಂದ ಕೆನ್ನೆ ಹಿಡಿದು ಎಳೆಯಿತು. ಕಿವಿ ಎಳೆಯಿತು. ಮೂಗು ಹಿಂಡಿತು. ಕಣ್ಣಿನ ರೆಪ್ಪೆಯನ್ನು ಮೇಲಕ್ಕೆತ್ತಿ ಒಳಗೆ ಇಣುಕಿತು. ಉಸಿರಕ್ಕನ ಕಣ್ಣಲ್ಲಿ ನೀರು ಬಂತು, ನೋವಿಗೋ ಬೇರೆ ಯಾವುದಕ್ಕೋ. ಆದರೂ ಅವಳು ಅಲ್ಲಾಡಲಿಲ್ಲ. ಮಗುವಿನ ಉಸಿರು ಮುಖಕ್ಕೆ ತಾಗುತ್ತಿತ್ತು. ಇಷ್ಟು ಹತ್ತಿರ ಅದು ಬಂದದ್ದು ಅದೇ ಮೊದಲು.

"ಸಾಕು ಗುಬ್ಬಿ, ಅಜ್ಜೀಗೆ ನೋವಾಗತ್ತೆ" ಎಂದಳು ಮಗಳು.

"ಸುಮ್ನಿರೇ. ನೋಡ್ಲಿ."

ಮಗು ಕೊನೆಯದಾಗಿ ಅಜ್ಜಿಯ ತುಟಿ ಬಿಡಿಸಿ, ಮೇಲಿನ ಹಲ್ಲಿಗೆ ಬೆರಳು ಸಿಕ್ಕಿಸಿ ಎಳೆಯಿತು. ಟಕ್ಕೆಂದು ಏನೋ ಕಳಚಿತು.

ಉಸಿರಕ್ಕನ ಮೇಲಿನ ಸಾಲು ಪೂರ್ತಿ ಕಟ್ಟಿಸಿದ ಹಲ್ಲು. ನಾನು ಮೊದಲೇ ಹೇಳಬೇಕಿತ್ತು, ಆದರೆ ಹೇಳಲು ಯಾರಿಗೆ ನೆನಪಿತ್ತು? ಮೈಮೇಲೆ ಕುದುರೆ ತಲೆ ಇದ್ದದ್ದು ಮರೆತ ಹಾಗೆಯೇ, ಬಾಯಲ್ಲಿರುವುದು ಕಟ್ಟಿಸಿದ್ದು ಎಂಬುದನ್ನೂ ಅವಳು ಮರೆತೇ ಕೂತಿದ್ದಳು. ಇಡೀ ಸಾಲು ಈಗ ಮಗುವಿನ ಅಂಗೈಯಲ್ಲಿತ್ತು, ಗುಲಾಬಿ ಬಣ್ಣದ ಒಸಡಿನ ಸಮೇತ.

"ಅಯ್ಯೋ ದೇವ್ರೇ" ಎಂದು ಮಗಳು ಮಡಚುತ್ತಿದ್ದ ಬಟ್ಟೆ ಕೈಬಿಟ್ಟಳು. ಬರುತ್ತದೆ ಎಂದಿತ್ತು ಮಗು, ಬಂದೇ ಬಂತು. ಇನ್ನು ಈ ಜನ್ಮದಲ್ಲಿ ಇದು ಹತ್ತಿರ ಸುಳಿಯುವುದಿಲ್ಲ ಎಂದುಕೊಂಡೆ. ಉಸಿರಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಮುಖ ಕೆಳಗೆ ಹಾಕಿದಳು.

ಮಗು ಆ ಕೈಯನ್ನು ಹಿಡಿದು ಬದಿಗೆ ಸರಿಸಿತು. ಮೇಲಿನ ತುಟಿ ಒಳಗೆ ಕುಸಿದು, ಕೆನ್ನೆ ಗುಳಿಬಿದ್ದು, ಬಾಯಿ ಒಂದು ಪುಟ್ಟ ಚೀಲದ ಬಾಯಿಯಂತಾಗಿತ್ತು. ಆ ಮುಖವನ್ನು ಗುಬ್ಬಿ ನೋಡಿತು. ಕಣ್ಣು ಅರಳಿದವು.

"ಅಜ್ಜೀ!" ಎಂದು ಕೂಗಿತು. ಅಮ್ಮನ ಕಡೆ ತಿರುಗಿ, "ಅಮ್ಮಾ, ಅಜ್ಜಿ ಬಂತು!"

ನಮಗೆ ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಉಸಿರಕ್ಕ ದಿನಾ ರಾತ್ರಿ ಊಟ ಮುಗಿಸಿದೊಡನೆ ಹಲ್ಲು ತೆಗೆದು ಬಟ್ಟಲಿನ ನೀರಿಗೆ ಹಾಕಿಬಿಡುತ್ತಾಳೆ. ಫೋನು ಬರುತ್ತಿದ್ದದ್ದು ಆಮೇಲೆ. ಹುಟ್ಟಿದಾಗಿನಿಂದ ಗುಬ್ಬಿ ಕಂಡ ಅಜ್ಜಿಗೆ ಮೇಲಿನ ಹಲ್ಲೇ ಇರಲಿಲ್ಲ. ಮಗಳು ಮೊಮ್ಮಗಳು ಬಂದಾಗ ಮುಖ ಲಕ್ಷಣವಾಗಿರಲಿ ಎಂದು ಇವಳು ಮಲಗುವವರೆಗೂ ಹಲ್ಲು ಹಾಕಿಕೊಂಡೇ ಇದ್ದಳು. ಮಗು ತನ್ನ ಅಜ್ಜಿ ಎಲ್ಲಿ ಎಂದು ಕೇಳಿದ್ದರಲ್ಲಿ ಏನು ತಪ್ಪಿತ್ತು?

"ಇದು ಕುದುರೇದು" ಎಂದಿತು ಗುಬ್ಬಿ, ಹಲ್ಲಿನ ಸಾಲನ್ನು ಎತ್ತಿ ತೋರಿಸಿ. ಅದರ ಮಟ್ಟಿಗೆ ಅಲ್ಲಿಗೆ ಎಲ್ಲ ಬಗೆಹರಿದಿತ್ತು.

"ಹೌದಪ್ಪ, ಕುದುರೇದೇ" ಎಂದಳು ಉಸಿರಕ್ಕ. ಹಲ್ಲಿಲ್ಲದ ಬಾಯಲ್ಲಿ ಮಾತು ತುಸು ತೊದಲಿ ಬಂತು, ರಾತ್ರಿಯ ಫೋನಿನಲ್ಲಿ ಬರುವ ಹಾಗೆಯೇ. "ನಿನಗೆ ಹೇಗೆ ಗೊತ್ತಾಯ್ತು?"

"ನಾನು ತೆಗ್ದೆ."

"ನೀನೇ ತೆಗ್ದಿದ್ದು. ಇಷ್ಟು ಜನ ಇದ್ದೀವಿ, ಯಾರಿಗೂ ತೆಗೆಯಕ್ಕೆ ಬರಲಿಲ್ಲ ನೋಡು."

ಗುಬ್ಬಿ ತಿರುಗಿ, ಕುರ್ಚಿಯಲ್ಲಿ ಕೂರುವವರ ಹಾಗೆ ಹಿಂದೆ ನೋಡದೆ ಉಸಿರಕ್ಕನ ಮಡಿಲಲ್ಲಿ ಕುಳಿತುಬಿಟ್ಟಿತು. ಉಸಿರಕ್ಕನ ಕೈಗಳು ಇನ್ನೂ ಮಂಡಿಯ ಮೇಲೇ ಇದ್ದವು. ಅಲ್ಲಾಡಿಸಲ್ಲ ಎಂದು ಮಾತು ಕೊಟ್ಟಿದ್ದಳಲ್ಲ. ಅಪ್ಪಿಕೊಳ್ಳಲೋ ಬೇಡವೋ ಎಂದು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಒಂದು ಕೈ ಮೆಲ್ಲಗೆ ಎದ್ದು ಮಗುವಿನ ಹೊಟ್ಟೆಯ ಮೇಲೆ ಕೂತಿತು.

"ಭಾರ ಇದಾಳೆ ಕಣೇ" ಎಂದಳು ಮಗಳಿಗೆ. "ನಾನು ಹತ್ತಿ ಹಾಗಿರ್ತಾಳೆ ಅಂದ್ಕೊಂಡಿದ್ದೆ."

"ನಿಮ್ಮಳಿಯನ ತಲೆ ಅಮ್ಮಾ, ಅದರ ತೂಕ" ಎಂದು ಮಗಳು ಮೂಗು ಒರೆಸಿಕೊಂಡಳು.

ಅಜ್ಜಿ ಒಂದು ಹಾಡು ಗುನುಗಿದಳು, ಅರ್ಧ ಪದಗಳು ಗಾಳಿಯಲ್ಲೇ ಹೋದವು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿತು. ಮಗುವಿನ ಕತ್ತು ಒಂದು ಪಕ್ಕಕ್ಕೆ ವಾಲಿತು. ಉಸಿರಕ್ಕನ ಕಾಲು ಜೋಮು ಹಿಡಿದದ್ದು ಅವಳ ಮುಖದಲ್ಲೇ ತಿಳಿಯುತ್ತಿತ್ತು. ಆದರೂ ಅವಳು ಕಲ್ಲಿನಂತೆ ಕೂತಿದ್ದಳು. ನಾನು ಹೆಣೆದ ಟೋಪಿಯನ್ನು ಸದ್ದಾಗದ ಹಾಗೆ ಚೀಲದ ಮೇಲಿಟ್ಟೆ.

ಮಗಳು ಒಲೆಯ ಮೇಲಿಂದ ಚಹಾ ಇಳಿಸಿ ತಂದು, ಜೊತೆಗೆ ಎರಡು ಬಿಸ್ಕತ್ತು ಇಟ್ಟಳು. ಉಸಿರಕ್ಕ ಬಿಸ್ಕತ್ತು ನೋಡಿ, ಬಾಯಿ ತೋರಿಸಿ, ಬೇಡವೆಂದು ಸನ್ನೆ ಮಾಡಿದಳು.

"ಹಲ್ಲೆಲ್ಲಮ್ಮಾ? ತೊಳೆದು ಕೊಡ್ತೀನಿ" ಎಂದು ಮಗಳು ಪಿಸುಗುಟ್ಟಿದಳು.

ಹಲ್ಲಿನ ಸಾಲು ಗುಬ್ಬಿಯ ಮುಷ್ಟಿಯಲ್ಲಿತ್ತು. ನಿದ್ದೆಯಲ್ಲೂ ಬಿಗಿಯಾಗಿ ಹಿಡಿದುಕೊಂಡಿತ್ತು, ಮತ್ತೆ ಕುದುರೆಯ ಕೈಗೆ ಸಿಗದ ಹಾಗೆ. ಮಗಳು ಬೆರಳು ಬಿಡಿಸಲು ಬಗ್ಗಿದಳು.

"ಮುಟ್ಬೇಡ" ಎಂದಳು ಉಸಿರಕ್ಕ. "ಚಹಾ ಕುಡಿಯಕ್ಕೆ ಹಲ್ಲು ಯಾಕೆ? ಇಲ್ಲಿ ಬಾಯಿಗೆ ಹಿಡಿ, ಕೈ ಬಿಡುವಿಲ್ಲ ನನಗೆ."